ಅಮೆರಿಕದ ರೈಲ್ವೆ ಕಂಪನಿಗಳು ಜಮೀನು ಮಾರಲು ಹೊರಟದ್ದೇಕೆ?

ಹತ್ತಿಹೊಲ (ಪ್ರಶ್ನೆ):

ಧಾರವಾಡ ಜಿಲ್ಲೆಯವನಾದ ನಾನು ಆರು ವರ್ಷಗಳಿಂದ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದಲ್ಲಿ ನೆಲೆಸಿದ್ದೇನೆ. ಇತ್ತೀಚೆಗೆ ಒಂದು ಪ್ರದರ್ಶನದಲ್ಲಿ 1872ರ ಭಿತ್ತಿಪತ್ರವೊಂದರ ಪ್ರತಿಯನ್ನು ನೋಡಿದೆ. ಬರ್ಲಿಂಗ್ಟನ್ ಆ್ಯಂಡ್ ಮಿಸೌರಿ ರಿವರ್ ರೈಲ್ವೆ ಕಂಪನಿಯು ಅಯೋವಾ ಮತ್ತು ನೆಬ್ರಾಸ್ಕಾಗಳಲ್ಲಿ ಲಕ್ಷಾಂತರ ಎಕರೆ ಜಮೀನು ಮಾರಾಟಕ್ಕಿದೆಯೆಂದು ದಪ್ಪಕ್ಷರಗಳಲ್ಲಿ ಸಾರಿದ್ದ ಪತ್ರ ಅದು. ಹತ್ತು ವರ್ಷಗಳ ಸಾಲ, ಶೇಕಡಾ 6ರ ಬಡ್ಡಿ, ನಾಲ್ಕು ವರ್ಷ ಕಳೆದ ಮೇಲೆ ಅಸಲಿನ ಏಳನೆಯ ಒಂದು ಭಾಗದಂತೆ ವರ್ಷಕ್ಕೊಂದು ಕಂತು. ಬೆಳೆಯೇ ಜಮೀನಿನ ಬೆಲೆಯನ್ನು ತೀರಿಸುತ್ತದೆ ಎಂಬ ಭರವಸೆಯೂ, ಜಮೀನು ನೋಡಲು ಬಂದವರಿಗೆ ಲಿಂಕನ್ನಿನಲ್ಲಿ ಉಚಿತ ಕೊಠಡಿಗಳಿವೆಯೆಂಬ ಮಾತೂ ಅದರಲ್ಲಿತ್ತು.

ನನ್ನ ಸಂದೇಹ ಇಷ್ಟೇ. ರೈಲು ಓಡಿಸಬೇಕಾದ ಕಂಪನಿಗೆ ಇಷ್ಟೊಂದು ಭೂಮಿ ಎಲ್ಲಿಂದ ಬಂತು? ಅದೇ ಕಾಲದಲ್ಲಿ ಸರ್ಕಾರವು ಹೋಮ್‌ಸ್ಟೆಡ್ ಕಾಯಿದೆಯಡಿ 160 ಎಕರೆಯನ್ನು ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಡುತ್ತಿದ್ದಾಗ ಕಂಪನಿಯಿಂದ ಹಣ ಕೊಟ್ಟು ಕೊಂಡವರು ಯಾರು? ಭಿತ್ತಿಪತ್ರದ ಮಾತುಗಳಲ್ಲಿ ನಿಜವೆಷ್ಟು? ಇನ್ನೊಂದು ವಿಷಯ: ಲಿಂಕನ್ನಿನಿಂದ ಪಶ್ಚಿಮಕ್ಕೆ ಹೋಗುವ ಹಳೆಯ ಬರ್ಲಿಂಗ್ಟನ್ ಮಾರ್ಗದಲ್ಲಿ ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್ ಎಂದು ಊರುಗಳ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಬರುತ್ತವೆ. ಇದು ಕಾಕತಾಳೀಯವಿರಲಾರದು ಎನಿಸುತ್ತದೆ. ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಕಡತಪ್ರಿಯ:

ಹತ್ತಿಹೊಲ ಅವರೇ, ತಮ್ಮ ಕೊನೆಯ ಸಂದೇಹವನ್ನು ಮೊದಲು ತೀರಿಸುತ್ತೇನೆ. ಅದು ಕಾಕತಾಳೀಯವಲ್ಲ. ಊರುಗಳು ಹುಟ್ಟುವ ಮೊದಲೇ ಕಂಪನಿಯವರು ನಕ್ಷೆಯ ಮೇಲೆ ಕೆಲವು ಮೈಲಿಗಳಿಗೊಂದರಂತೆ ನಿಲ್ದಾಣಗಳನ್ನು ಗುರುತಿಸಿ, ವರ್ಣಮಾಲೆಯ ಕ್ರಮದಲ್ಲಿ ಹೆಸರಿಡುತ್ತ ಹೋದರು. ಹಾರ್ವರ್ಡ್ ಆದ ಮೇಲೆ ಇನ್‌ಲ್ಯಾಂಡ್, ಜುನಿಯಾಟಾ, ಕೆನೆಸಾ, ಲೋವೆಲ್ ಎಂದು ಸಾಲು ಮುಂದುವರಿಯುತ್ತದೆ. ನಮ್ಮ ಕಡೆ ಊರಿದ್ದಲ್ಲಿಗೆ ರೈಲು ಬಂದರೆ, ಅಲ್ಲಿ ರೈಲು ಹೋದಲ್ಲಿಗೆ ಊರು ಬಂತು. ಜಮೀನಿನ ಮಾರಾಟವನ್ನೂ ಇದೇ ಕಣ್ಣಿನಿಂದ ನೋಡಬೇಕು.

ಭೂಮಿ ಬಂದದ್ದು ಸರ್ಕಾರದಿಂದ. ಇದರ ಮೊದಲ ದೊಡ್ಡ ಪ್ರಯೋಗ ನಡೆದದ್ದು 1850ರಲ್ಲಿ. ಸೆನೆಟರ್ ಸ್ಟೀಫನ್ ಡಗ್ಲಸ್ ಅವರ ಪ್ರಯತ್ನದಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಇಲಿನಾಯ್ ರಾಜ್ಯಕ್ಕೆ ಸುಮಾರು 26 ಲಕ್ಷ ಎಕರೆಯನ್ನು ಮಂಜೂರು ಮಾಡಿತು, ರಾಜ್ಯವು ಅದನ್ನು ಇಲಿನಾಯ್ ಸೆಂಟ್ರಲ್ ಕಂಪನಿಗೆ ವರ್ಗಾಯಿಸಿತು. 1862ರ ಪೆಸಿಫಿಕ್ ರೈಲ್ವೆ ಕಾಯಿದೆಯಲ್ಲಿ ಹಳಿಯ ಪ್ರತಿ ಮೈಲಿಗೆ ಹತ್ತು ಸೆಕ್ಷನ್ ಎಂದು ನಿಗದಿಯಾಯಿತು. ಒಂದು ಸೆಕ್ಷನ್ ಎಂದರೆ ಒಂದು ಚದರ ಮೈಲಿ, ಅಂದರೆ 640 ಎಕರೆ. 1864ರಲ್ಲಿ ಇದು ಇಪ್ಪತ್ತು ಸೆಕ್ಷನ್ನಿಗೆ ಏರಿತು. ಅದೇ ವರ್ಷ ಸನದು ಪಡೆದ ನಾರ್ದರ್ನ್ ಪೆಸಿಫಿಕ್ ಕಂಪನಿಗೆ, ಇನ್ನೂ ರಾಜ್ಯಗಳಾಗದ ಪ್ರದೇಶಗಳಲ್ಲಿ ಮೈಲಿಗೆ ನಲವತ್ತು ಸೆಕ್ಷನ್, ಅಂದರೆ 25,600 ಎಕರೆ ಸಿಕ್ಕಿತು. 1871ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಕೇಂದ್ರ ಸರ್ಕಾರವು ರೈಲ್ವೆಗಳಿಗೆಂದು ಕೊಟ್ಟ ಭೂಮಿ ಸುಮಾರು 13 ಕೋಟಿ ಎಕರೆ. ಇಡೀ ಕರ್ನಾಟಕದ ವಿಸ್ತೀರ್ಣವೇ ಐದು ಕೋಟಿ ಎಕರೆಗಿಂತ ಕಡಿಮೆ ಎಂಬುದನ್ನು ನೆನೆದರೆ ಇದರ ಗಾತ್ರ ಮನಸ್ಸಿಗೆ ಬಂದೀತು.

ಆದರೆ ಈ ಭೂಮಿ ಒಂದೇ ಹರಹಿನಲ್ಲಿ ಸಿಕ್ಕದ್ದಲ್ಲ. ಚದುರಂಗದ ಹಾಸಿನ ಹಾಗೆ, ಬೆಸ ಸಂಖ್ಯೆಯ ಚೌಕಗಳು ಕಂಪನಿಗೆ, ಸಮ ಸಂಖ್ಯೆಯ ಚೌಕಗಳು ಸರ್ಕಾರಕ್ಕೆ. ರೈಲು ಬಂದ ಮೇಲೆ ನೆಲದ ಬೆಲೆ ಏರುವುದರಿಂದ, ಸರ್ಕಾರವು ತನ್ನ ಚೌಕಗಳ ಬೆಲೆಯನ್ನು ಎಕರೆಗೆ 1.25 ಡಾಲರಿನಿಂದ 2.50 ಡಾಲರಿಗೆ ಏರಿಸಿತು. ಅರ್ಧವನ್ನು ಕೊಟ್ಟರೂ ಉಳಿದರ್ಧ ದುಪ್ಪಟ್ಟಿಗೆ ಹೋಗುವುದರಿಂದ ಬೊಕ್ಕಸಕ್ಕೆ ನಷ್ಟವಿಲ್ಲ ಎಂಬುದು ಶಾಸಕರ ಲೆಕ್ಕ. ಕಾಗದದ ಮೇಲೆ ಇದು ಬಹಳ ಜಾಣ ಲೆಕ್ಕವೇ ಸರಿ.

ಹಾಗಾದರೆ ಪುಕ್ಕಟೆ ಭೂಮಿಯಿದ್ದಾಗ ಕೊಂಡವರು ಯಾರು? ರೈಲ್ವೆ ಮಂಜೂರಾತಿಯ ಎಲ್ಲೆಯೊಳಗಿನ ಸರ್ಕಾರಿ ಚೌಕಗಳಲ್ಲಿ ಹೋಮ್‌ಸ್ಟೆಡ್ಡಿನ ಮಿತಿ 1879ರವರೆಗೆ 160 ಎಕರೆಯಲ್ಲ, 80 ಎಕರೆ ಮಾತ್ರ. ಅದಕ್ಕೂ ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಬೇಕಿತ್ತು. 160 ಎಕರೆ ಬೇಕೆಂದರೆ ಹಳಿಯಿಂದ ಬಹುದೂರ ಹೋಗಬೇಕು. ಎತ್ತು ಅಥವಾ ಕುದುರೆಯ ಬಂಡಿಯಲ್ಲಿ ಗೋಧಿ ಹೇರಿಕೊಂಡು ಎರಡು ದಿನ ನಡೆದು ನಿಲ್ದಾಣ ಮುಟ್ಟುವವನಿಗೆ ಫಸಲಿನ ಬೆಲೆಯಲ್ಲಿ ಉಳಿಯುವುದೇನು? ಬೆಳಿಗ್ಗೆ ಹೊರಟು ಕತ್ತಲಾಗುವುದರೊಳಗೆ ಮರಳಿ ಬರಬಹುದಾದ ದೂರದ ನೆಲಕ್ಕೆ ಹಣ ಕೊಡುವುದೇ ಲೇಸೆಂದು ಅನೇಕರು ಬಗೆದದ್ದು ಸಹಜ.

ಮುಖ್ಯ ಮಾತು ಇನ್ನೊಂದಿದೆ. ಭೂಮಿ ಮಾರಿ ಬರುವ ಹಣವೇ ಕಂಪನಿಯ ಗುರಿಯಾಗಿದ್ದರೆ ಬೆಲೆ ಏರುವವರೆಗೆ ಕಾಯಬಹುದಾಗಿತ್ತು. ಕೆಲವು ಕಂಪನಿಗಳು ತೆರಿಗೆ ತಪ್ಪಿಸಿಕೊಳ್ಳಲು ಹಕ್ಕುಪತ್ರವನ್ನೇ ತೆಗೆದುಕೊಳ್ಳದೆ ಹಾಗೆ ಕಾದದ್ದೂ ಉಂಟು. ಆದರೆ ಬರಿಯ ಹುಲ್ಲುಗಾವಲಿನ ಮೇಲೆ ಹಾಸಿದ ಹಳಿಗೆ ಸರಕು ಎಲ್ಲಿಂದ ಬರಬೇಕು? ಒಬ್ಬ ರೈತ ಬಂದು ನೆಲೆಸಿದನೆಂದರೆ ಅವನ ಗೋಧಿ, ಹಂದಿ, ದನ ಪೂರ್ವಕ್ಕೆ ಹೋಗುತ್ತವೆ. ಮರಮುಟ್ಟು, ಕಲ್ಲಿದ್ದಲು, ನೇಗಿಲು, ಮುಳ್ಳುತಂತಿ, ಬಟ್ಟೆಬರೆ ಪಶ್ಚಿಮಕ್ಕೆ ಬರುತ್ತವೆ. ಎರಡು ದಿಕ್ಕಿನಲ್ಲೂ ಬಾಡಿಗೆ ಕಂಪನಿಗೇ. ಜಮೀನಿನ ಬೆಲೆ ಒಂದು ಸಲ ಬರುವಂಥದ್ದು, ಸಾಗಣೆಯ ಬಾಡಿಗೆ ತಲೆಮಾರುಗಟ್ಟಲೆ ಬರುವಂಥದ್ದು. ತಾವು ನೋಡಿದ ಹತ್ತು ವರ್ಷಗಳ ಸಾಲದ ಉದಾರತೆಯ ಮೂಲ ಇಲ್ಲಿದೆ.

ಪ್ರೈರಿವಾಸಿ:

ಕಡತಪ್ರಿಯ ಅವರ ವಿವರಣೆಗೆ ಪ್ರಚಾರ ನಡೆದ ಬಗೆಯನ್ನು ಸೇರಿಸುತ್ತೇನೆ. ಕಾನ್ಸಾಸಿನಲ್ಲಿ ಕೆಲಸ ಮಾಡುವವನಾದ್ದರಿಂದ ಸ್ವಲ್ಪ ಅತ್ತಲೇ ವಾಲುತ್ತೇನೆ, ಕ್ಷಮಿಸಬೇಕು.

ದೊಡ್ಡ ಕಂಪನಿಗಳಲ್ಲಿ ಜಮೀನಿನ ವ್ಯವಹಾರಕ್ಕೆಂದೇ ಪ್ರತ್ಯೇಕ ಇಲಾಖೆಯೂ ಅದರ ಮೇಲೊಬ್ಬ ಲ್ಯಾಂಡ್ ಕಮಿಷನರೂ ಇರುತ್ತಿದ್ದರು. ಇಂಗ್ಲಿಷಿನಲ್ಲಷ್ಟೇ ಅಲ್ಲದೆ ಜರ್ಮನ್ ಹಾಗೂ ಸ್ಕ್ಯಾಂಡಿನೇವಿಯಾದ ಭಾಷೆಗಳಲ್ಲೂ ಕಿರುಹೊತ್ತಿಗೆಗಳು ಅಚ್ಚಾಗುತ್ತಿದ್ದವು. ಯೂರೋಪಿನ ಬಂದರುಗಳಲ್ಲಿ ಏಜೆಂಟರಿದ್ದರು, ಹಡಗಿನ ಕಂಪನಿಗಳೊಡನೆ ಒಪ್ಪಂದಗಳಿದ್ದವು. ಪೂರ್ವದ ಪತ್ರಿಕೆಗಳ ಸಂಪಾದಕರನ್ನು ಪುಕ್ಕಟೆ ರೈಲಿನಲ್ಲಿ ಕರೆತಂದು, ಒಳ್ಳೆಯ ಊಟ ಹಾಕಿ, ತಲೆಯೆತ್ತರ ಬೆಳೆದ ಮೆಕ್ಕೆಜೋಳದ ಹೊಲಗಳನ್ನು ತೋರಿಸಿ ಕಳುಹಿಸುವುದೂ ರೂಢಿಯಲ್ಲಿತ್ತು. ಅವರು ಮರಳಿ ಹೋಗಿ ಏನು ಬರೆದಿರಬಹುದೆಂದು ಬೇರೆ ಹೇಳಬೇಕಾಗಿಲ್ಲ. ಜಮೀನು ನೋಡಲು ಹೋಗುವವರಿಗೆ ವಿಶೇಷ ಟಿಕೆಟ್ಟುಗಳಿದ್ದವು. ಕೊಂಡರೆ ಆ ಟಿಕೆಟ್ಟಿನ ಹಣ ಜಮೀನಿನ ಲೆಕ್ಕಕ್ಕೆ ಜಮಾ ಆಗುತ್ತಿತ್ತು.

ಬಂದವರ ಸಾಮಾನು ಸಾಗಿಸುವ ವ್ಯವಸ್ಥೆಯೂ ಇತ್ತು. ವಲಸಿಗರ ವ್ಯಾಗನ್ ಎಂದು ಕರೆಯುತ್ತಿದ್ದ ಒಂದು ಗೂಡ್ಸ್ ಡಬ್ಬಿಯನ್ನು ಕುಟುಂಬವೊಂದು ಕಡಿಮೆ ದರದಲ್ಲಿ ಬಾಡಿಗೆಗೆ ಪಡೆಯಬಹುದಿತ್ತು. ಒಂದು ತುದಿಯಲ್ಲಿ ಎರಡು ಕುದುರೆ, ಒಂದು ಹಸು, ಅವುಗಳ ಹುಲ್ಲು. ಇನ್ನೊಂದು ತುದಿಯಲ್ಲಿ ಬಿಚ್ಚಿಟ್ಟ ಬಂಡಿ, ನೇಗಿಲು, ಕಬ್ಬಿಣದ ಒಲೆ, ಹಾಸಿಗೆ, ಬಿತ್ತನೆಯ ಬೀಜದ ಚೀಲಗಳು, ಕೋಳಿಯ ಬುಟ್ಟಿ. ದನಕರುಗಳಿಗೆ ನೀರು ಮೇವು ನೋಡಿಕೊಳ್ಳಲೆಂದು ಒಬ್ಬ ಗಂಡಾಳಿಗೆ ಅದೇ ಡಬ್ಬಿಯಲ್ಲಿ ಪುಕ್ಕಟೆ ಪ್ರಯಾಣ. ಹುಲ್ಲಿನ ಮರೆಯಲ್ಲಿ ಇನ್ನೊಬ್ಬನನ್ನು ಕೂರಿಸಿಕೊಂಡು ಬರುವವರೂ ಇದ್ದರಂತೆ. ಟಿಕೆಟ್ ತಪಾಸಣೆಯವರ ಕಣ್ಣು ತಪ್ಪಿಸುವ ವಿದ್ಯೆ ಯಾವ ದೇಶದ ಸೊತ್ತೂ ಅಲ್ಲ.

ಈ ಪ್ರಚಾರದ ಅತ್ಯಂತ ಯಶಸ್ವಿ ಅಧ್ಯಾಯವೆಂದರೆ ಮೆನೊನೈಟರ ಆಗಮನ. ಜರ್ಮನ್ ಮಾತಾಡುವ ಈ ಕ್ರೈಸ್ತ ಪಂಗಡದವರು ರಷ್ಯಾ ಸಾಮ್ರಾಜ್ಯದ ದಕ್ಷಿಣದ ಹುಲ್ಲುಗಾವಲುಗಳಲ್ಲಿ ಗೋಧಿ ಬೆಳೆಯುತ್ತ ನೆಮ್ಮದಿಯಾಗಿದ್ದರು. ಆಯುಧ ಹಿಡಿಯುವುದು ಅವರ ಧರ್ಮಕ್ಕೆ ನಿಷಿದ್ಧ. 1870ರ ದಶಕದ ಆರಂಭದಲ್ಲಿ ಎರಡನೆಯ ಅಲೆಕ್ಸಾಂಡರನ ಸರ್ಕಾರವು ಸೈನ್ಯ ಸೇವೆಯಿಂದ ಅವರಿಗಿದ್ದ ವಿನಾಯಿತಿಯನ್ನು ಹಿಂತೆಗೆದುಕೊಳ್ಳಲು ಹೊರಟಾಗ ಅವರು ಬೇರೆ ನೆಲ ಹುಡುಕಲು ಪ್ರತಿನಿಧಿಗಳನ್ನು ಕಳುಹಿಸಿದರು. ಅಚಿಸನ್, ಟೊಪೀಕಾ ಆ್ಯಂಡ್ ಸಾಂಟಾ ಫೆ ಕಂಪನಿಗೆ ಕಾನ್ಸಾಸಿನಲ್ಲಿ ಸುಮಾರು 30 ಲಕ್ಷ ಎಕರೆಯ ಮಂಜೂರಾತಿಯಿತ್ತು. ಅದರ ವಲಸೆ ಏಜೆಂಟರಾಗಿದ್ದ ಸಿ. ಬಿ. ಶ್ಮಿಟ್ ಸ್ವತಃ ಜರ್ಮನ್ ಮೂಲದವರು. ಅವರು ಈ ಜನರ ಬೆನ್ನು ಬಿಡಲಿಲ್ಲ, 1875ರಲ್ಲಿ ರಷ್ಯಾದ ಹಳ್ಳಿಗಳಿಗೇ ಹೋಗಿ ಬಂದರು. ಕಾನ್ಸಾಸ್ ಶಾಸನಸಭೆಯು 1874ರಲ್ಲಿ ಇವರಿಗಾಗಿ ಸ್ಥಳೀಯ ಸೇನಾದಳದ ಸೇವೆಯಿಂದ ವಿನಾಯಿತಿ ಕೊಟ್ಟಿತು. ಅಲೆಕ್ಸಾಂಡರ್‌ವೋಲ್ ಎಂಬ ಸಭೆಯವರು ಊರಿಗೆ ಊರೇ ಎದ್ದು ಬಂದಂತೆ ಬಂದಾಗ, ಮನೆ ಕಟ್ಟಿಕೊಳ್ಳುವ ತನಕ ಉಳಿಯಲು ಕಂಪನಿಯೇ ಉದ್ದನೆಯ ಮರದ ಬಿಡಾರಗಳನ್ನು ಕಟ್ಟಿಸಿಕೊಟ್ಟಿತ್ತು.

ಅವರು ತಮ್ಮೊಡನೆ ತಂದದ್ದು ಟರ್ಕಿ ರೆಡ್ ಎಂಬ ಗೋಧಿ. ಶರತ್ಕಾಲದಲ್ಲಿ ಬಿತ್ತಿ, ಹಿಮದಡಿಯಲ್ಲಿ ಚಳಿಗಾಲ ಕಳೆದು, ಬೇಸಿಗೆಯ ಸುಡುಬಿಸಿಲಿಗೆ ಮುಂಚೆಯೇ ಕೊಯ್ಲಿಗೆ ಬರುವ ಗಟ್ಟಿ ಕಾಳು. ಮೊದಮೊದಲು ಅಲ್ಲಿನ ಮಿಲ್ಲುಗಳ ಕಲ್ಲುಗಳಿಗೆ ಅದು ಮಣಿಯುತ್ತಿರಲಿಲ್ಲ. ಬರ್ನ್‌ಹಾರ್ಡ್ ವಾರ್ಕೆಂಟಿನ್ ಎಂಬ ಮೆನೊನೈಟ್ ಮಿಲ್ಲಿನ ಮಾಲೀಕರು ಈ ಗೋಧಿಯನ್ನು ಪ್ರಚುರಪಡಿಸಲು ಬಹಳ ದುಡಿದರು. ಕಾನ್ಸಾಸ್ ಇಂದು ಗೋಧಿಯ ನಾಡೆನಿಸಿಕೊಂಡಿರುವುದರ ಹಿಂದೆ ಒಂದು ರೈಲ್ವೆ ಕಂಪನಿಯ ಮಾರಾಟದ ಹಟವಿದೆ ಎಂದರೆ ಅತಿಶಯೋಕ್ತಿಯಲ್ಲ.

ಇದೇ ಬಗೆಯ ಒಂದು ತಮಾಷೆಯ ಪ್ರಸಂಗವೂ ಇದೆ. ಉತ್ತರ ಡಕೋಟಾದ ರಾಜಧಾನಿಯ ಮೊದಲ ಹೆಸರು ಎಡ್ವಿಂಟನ್. ನಾರ್ದರ್ನ್ ಪೆಸಿಫಿಕ್ ಕಂಪನಿಯವರು 1873ರಲ್ಲಿ ಅದನ್ನು ಬಿಸ್ಮಾರ್ಕ್ ಎಂದು ಬದಲಾಯಿಸಿದರು. ಜರ್ಮನಿಯ ಚಾನ್ಸಲರರ ಹೆಸರಿಟ್ಟರೆ ಜರ್ಮನ್ ಬಂಡವಾಳವೂ ಜನರೂ ಬಂದಾರೆಂಬ ಆಸೆ.

ಗ್ಯಾಂಗ್‌ಮನ್‌ನ ಮಗ:

ಮೇಲಿನ ಇಬ್ಬರ ಬರಹವೂ ಸೊಗಸಾಗಿದೆ, ಆದರೆ ಓದಿದವರಿಗೆ ಇದೆಲ್ಲ ಎಲ್ಲರಿಗೂ ಲಾಭವಾದ ವ್ಯವಹಾರವೆಂಬ ಭಾವನೆ ಬರುತ್ತದೆ. ಅದಕ್ಕೆ ನನ್ನ ತಕರಾರಿದೆ.

ಮೊದಲನೆಯದಾಗಿ, ಸರ್ಕಾರ ಕೊಟ್ಟಿತು ಎನ್ನುವಾಗ ಸರ್ಕಾರಕ್ಕೆ ಎಲ್ಲಿಂದ ಬಂತೆಂದು ಕೇಳಬೇಕು. ಪ್ರಶ್ನೆ ಕೇಳಿದವರು ವಾಸವಾಗಿರುವ ನೆಬ್ರಾಸ್ಕಾದಲ್ಲಿ ಪಾನಿ ಜನಾಂಗದವರು ತಮಗುಳಿದಿದ್ದ ಕೊನೆಯ ತುಂಡು ನೆಲವನ್ನೂ ಬಿಟ್ಟು 1870ರ ದಶಕದ ಮಧ್ಯದಲ್ಲಿ ಈಗಿನ ಓಕ್ಲಹೋಮಾಕ್ಕೆ ಹೋಗಬೇಕಾಯಿತು. ಭಿತ್ತಿಪತ್ರ ಅಚ್ಚಾದದ್ದೂ ಅದೇ ದಶಕದಲ್ಲಿ. ಸಾಂಟಾ ಫೆ ಕಂಪನಿಯಂತೂ ಮಂಜೂರಾದ ಭೂಮಿಯ ಜೊತೆಗೆ ಪೊಟವಾಟಮಿ ಜನರಿಗೆಂದು ಮೀಸಲಿಟ್ಟಿದ್ದ ನೆಲದಲ್ಲಿ ದೊಡ್ಡ ಪಾಲನ್ನು ಎಕರೆಗೆ ಸುಮಾರು ಒಂದು ಡಾಲರಿನಂತೆ ಪಡೆದು, ಅದನ್ನೇ ಹೆಚ್ಚಿನ ಬೆಲೆಗೆ ವಲಸಿಗರಿಗೆ ಮಾರಿತು. ಕಿರುಹೊತ್ತಿಗೆಗಳಲ್ಲಿ ಈ ನೆಲ ಯಾರೂ ಇಲ್ಲದ ಖಾಲಿ ನೆಲವಾಗಿ ಕಾಣಿಸುತ್ತದೆ.

ಎರಡನೆಯದು ಮಳೆಯ ವಿಷಯ. ನೂರನೆಯ ರೇಖಾಂಶದಿಂದ ಪಶ್ಚಿಮಕ್ಕೆ ನೀರಾವರಿಯಿಲ್ಲದೆ ಬೇಸಾಯ ನೆಚ್ಚಿಕೆಯದಲ್ಲ, ಅಲ್ಲಿ 160 ಎಕರೆಯ ಅಳತೆಯೇ ತಪ್ಪು ಎಂದು ಜಾನ್ ವೆಸ್ಲಿ ಪವೆಲ್ 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಆದರೆ ಜಮೀನು ಮಾರುವವರಿಗೆ ಹಿತವಾದ ಸಿದ್ಧಾಂತ ಬೇರೆಯಿತ್ತು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ಆಗಿ (Aughey) ಅವರು, ಗಟ್ಟಿ ನೆಲವನ್ನು ಉತ್ತರೆ ಅದು ಹೆಚ್ಚು ನೀರು ಹೀರಿ ಮತ್ತೆ ಗಾಳಿಗೆ ಬಿಡುತ್ತದೆ, ಅದರಿಂದ ಮಳೆ ಹೆಚ್ಚುತ್ತದೆ ಎಂದು ವಾದಿಸಿದರು. ಚಾರ್ಲ್ಸ್ ಡಾನಾ ವಿಲ್ಬರ್ 1881ರಲ್ಲಿ ಅದನ್ನೇ ನೇಗಿಲಿನ ಹಿಂದೆ ಮಳೆ ಬರುತ್ತದೆ ಎಂಬ ಘೋಷಣೆಯಾಗಿಸಿದರು. ದುರದೃಷ್ಟವೆಂದರೆ ಆ ಕೆಲವು ವರ್ಷ ನಿಜಕ್ಕೂ ಒಳ್ಳೆಯ ಮಳೆಯಾಯಿತು, ಜನ ನಂಬಿದರು. 1880ರ ದಶಕದ ಕೊನೆಯಿಂದ 1890ರ ದಶಕದ ಮಧ್ಯದವರೆಗೆ ಬರ ಬಂದಾಗ ಪಶ್ಚಿಮ ಕಾನ್ಸಾಸ್, ಪಶ್ಚಿಮ ನೆಬ್ರಾಸ್ಕಾಗಳಿಂದ ಸಂಸಾರಗಳು ಬಂಡಿ ಕಟ್ಟಿಕೊಂಡು ಪೂರ್ವಕ್ಕೆ ಮರಳಿದವು. ಮಳೆಗಾಗಿ ಮುಗಿಲು ನೋಡುವ ನಮ್ಮ ಬಯಲುಸೀಮೆಯ ರೈತನನ್ನು ಯಾರೂ ಈ ಸಿದ್ಧಾಂತದಿಂದ ಮರುಳುಮಾಡಲಾಗುತ್ತಿರಲಿಲ್ಲ ಎಂದುಕೊಳ್ಳುತ್ತೇನೆ. ಆದರೆ ಮಳೆ ಹೆಚ್ಚು ಬೀಳುವ ದೇಶಗಳಿಂದ ಬಂದವರಿಗೆ ಬರದ ಅನುಭವವೇ ಇರಲಿಲ್ಲ.

ಮೂರನೆಯದು ಮಾತು ತಪ್ಪಿದ್ದು. ಕ್ಯಾಲಿಫೋರ್ನಿಯಾದ ಮಸಲ್ ಸ್ಲೂ ಎಂಬಲ್ಲಿ, ಸದರ್ನ್ ಪೆಸಿಫಿಕ್ ಕಂಪನಿಗೆ ಇನ್ನೂ ಹಕ್ಕುಪತ್ರ ಕೈಸೇರದಿದ್ದಾಗಲೇ ಅದರ ಕರಪತ್ರಗಳು ಎಕರೆಗೆ 2.50 ಡಾಲರಿನಿಂದ ಮೇಲಕ್ಕೆ ಜಮೀನು ಸಿಗುವುದೆಂದೂ, ರೈತರು ಮಾಡಿಕೊಂಡ ಸುಧಾರಣೆಗಳನ್ನು ಬೆಲೆಗೆ ಸೇರಿಸುವುದಿಲ್ಲವೆಂದೂ ಹೇಳಿದ್ದವು. ಜನ ಬಂದು ಕಾಲುವೆ ತೋಡಿ, ಬರಡು ನೆಲವನ್ನು ಹಸಿರು ಮಾಡಿದರು. ಕೊನೆಗೆ ಕಂಪನಿ ಹೇಳಿದ ಬೆಲೆ ಅವರು ಎಣಿಸಿದ್ದಕ್ಕಿಂತ ಹಲವು ಪಟ್ಟು. ಮೇಲಕ್ಕೆ ಎಂಬ ಒಂದು ಪದದಲ್ಲಿ ಎಷ್ಟು ಅವಕಾಶವಿತ್ತು ನೋಡಿ. 1880ರ ಮೇ 11ರಂದು, ಸರ್ಕಾರಿ ಮಾರ್ಷಲನು ಹೊಸ ಖರೀದಿದಾರರನ್ನು ಕರೆದುಕೊಂಡು ಸ್ವಾಧೀನ ಕೊಡಿಸಲು ಬಂದಾಗ ಗುಂಡು ಹಾರಿ ಏಳು ಜನ ಸತ್ತರು. ಆಮೇಲೆ ಜೈಲಿಗೆ ಹೋದವರೂ ರೈತರೇ.

ಕಡತಪ್ರಿಯ:

ಗ್ಯಾಂಗ್‌ಮನ್‌ನ ಮಗ ಅವರ ತಕರಾರನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಒಂದು ತಿದ್ದುಪಡಿ ಅಗತ್ಯ. ನೆಲೆಸಿದ ರೈತ ಸೋತು ಓಡಿಹೋದರೆ ಕಂಪನಿಗೂ ನಷ್ಟವೇ. ಆದ್ದರಿಂದಲೇ 1874ರಲ್ಲಿ ಮಿಡತೆಗಳು ಮೋಡದಂತೆ ಇಳಿದು ಕಾನ್ಸಾಸ್, ನೆಬ್ರಾಸ್ಕಾಗಳ ಬೆಳೆಯನ್ನೆಲ್ಲ ತಿಂದು, ಹಳಿಯ ಮೇಲೆ ಅರೆದುಹೋಗಿ ಎಂಜಿನ್ನಿನ ಗಾಲಿ ಜಾರುವಷ್ಟಾದಾಗ, ಹಲವು ಕಂಪನಿಗಳು ಪರಿಹಾರದ ಧಾನ್ಯವನ್ನೂ ಬೀಜವನ್ನೂ ಬಾಡಿಗೆಯಿಲ್ಲದೆ ಸಾಗಿಸಿದವು. ದಯೆಯೂ ಇದ್ದೀತು, ಲೆಕ್ಕವಂತೂ ಇದ್ದೇ ಇತ್ತು. ಹಾಗೆಂದು ಅವರು ಎಚ್ಚರ ಕಲಿತರೆಂದೇನೂ ಅಲ್ಲ. 1909ರಲ್ಲಿ ಮಿಲ್ವಾಕಿ ರೋಡ್ ಎಂಬ ರೈಲ್ವೆ ಕಂಪನಿಯ ಹಳಿ ಮಾಂಟಾನಾದ ಮೂಲಕ ಪೆಸಿಫಿಕ್ ಕರಾವಳಿಯನ್ನು ಮುಟ್ಟಿತು, ಅದೇ ವರ್ಷ ಒಣಭೂಮಿಯ ಹೋಮ್‌ಸ್ಟೆಡ್ ಮಿತಿ 320 ಎಕರೆಗೆ ಏರಿತು. ಆ ಕಂಪನಿಯೂ ಜೇಮ್ಸ್ ಜೆ. ಹಿಲ್ ಅವರ ಗ್ರೇಟ್ ನಾರ್ದರ್ನ್ ಕಂಪನಿಯೂ ಒಣಬೇಸಾಯದ ಪವಾಡಗಳನ್ನು ಸಾರುತ್ತ ಮತ್ತೆ ಅದೇ ಬಣ್ಣದ ಹೊತ್ತಿಗೆಗಳನ್ನು ಹಂಚಿದವು. ಆ ನೆಲದಲ್ಲಿ ಹೆಚ್ಚಿನದು ಸರ್ಕಾರದ್ದು, ಕಂಪನಿಗೆ ಬೇಕಾಗಿದ್ದುದು ಸರಕು ಮಾತ್ರ ಎಂಬುದನ್ನು ಗಮನಿಸಬೇಕು. 1917ರಿಂದ ಬರ ಶುರುವಾಯಿತು. 1920ರ ದಶಕದಲ್ಲಿ ಇಡೀ ಅಮೆರಿಕದಲ್ಲಿ ಜನಸಂಖ್ಯೆ ಕಳೆದುಕೊಂಡ ಒಂದೇ ರಾಜ್ಯ ಮಾಂಟಾನಾ.

ಹತ್ತಿಹೊಲ:

ಮೂವರಿಗೂ ಕೃತಜ್ಞನಾಗಿದ್ದೇನೆ. ಭಿತ್ತಿಪತ್ರದ ಷರತ್ತುಗಳನ್ನು ಇಟ್ಟುಕೊಂಡು ನಾನೇ ಒಂದು ಲೆಕ್ಕ ಹಾಕಿ ನೋಡಿದೆ. ಎಕರೆಗೆ ಎಂಟು ಡಾಲರ್ ಎಂದು ಊಹಿಸಿಕೊಂಡರೆ 80 ಎಕರೆಗೆ 640 ಡಾಲರ್. ಮೊದಲು ಬರಿಯ ಬಡ್ಡಿ, ವರ್ಷಕ್ಕೆ 38 ಡಾಲರ್ 40 ಸೆಂಟ್. ಆಮೇಲೆ ವರ್ಷಕ್ಕೆ 91 ಡಾಲರಿನ ಮೇಲೆ ಅಸಲು, ಜೊತೆಗೆ ಇಳಿಯುತ್ತ ಹೋಗುವ ಬಡ್ಡಿ. ಎರಡು ಬೆಳೆ ಕೈಕೊಟ್ಟರೆ ಏನಾದೀತೆಂಬುದನ್ನು ಬೆಳೆಸಾಲ ಕಂಡ ಮನೆಯವನಾದ ನನಗೆ ಯಾರೂ ವಿವರಿಸಬೇಕಾಗಿಲ್ಲ. ಇನ್ನೊಂದು ಸಣ್ಣ ಪ್ರಶ್ನೆ: ನಮ್ಮಲ್ಲಿ ಬ್ರಿಟಿಷರು ರೈಲು ಹಾಸಿದಾಗ ಇಂಥ ಜಮೀನು ಮಾರಾಟ ಏಕೆ ನಡೆಯಲಿಲ್ಲ?

ಕಡತಪ್ರಿಯ:

ನಮ್ಮಲ್ಲಿ ಕಂಪನಿಗಳಿಗೆ ಆಮಿಷವಾಗಿ ಕೊಟ್ಟದ್ದು ಭೂಮಿಯಲ್ಲ, ಬಡ್ಡಿಯ ಖಾತರಿ. 1849ರ ಒಪ್ಪಂದಗಳಲ್ಲಿ ಹೂಡಿದ ಬಂಡವಾಳಕ್ಕೆ ಶೇಕಡಾ 5ರ ಆದಾಯವನ್ನು ಸರ್ಕಾರವೇ ವಹಿಸಿಕೊಂಡಿತು. ಹಳಿಗೆ ಮತ್ತು ನಿಲ್ದಾಣಗಳಿಗೆ ಬೇಕಾದಷ್ಟು ನೆಲ ಮಾತ್ರ ಪುಕ್ಕಟೆ. ಲಾಭ ಬರಲಿ ಬಿಡಲಿ ಲಂಡನ್ನಿನ ಷೇರುದಾರನಿಗೆ ಹಣ ಖಾತರಿಯಾಗಿದ್ದುದರಿಂದ, ಜನರನ್ನು ಕರೆತಂದು ಸರಕು ಹುಟ್ಟಿಸುವ ಶ್ರಮ ಯಾರಿಗೂ ಬೇಕಾಗಿರಲಿಲ್ಲ. ಅಲ್ಲದೆ ಇಲ್ಲಿ ಹೊಲಗಳೂ ಊರುಗಳೂ ಕಂದಾಯದ ಲೆಕ್ಕವೂ ಮೊದಲೇ ಇದ್ದವು. ತಮ್ಮ ಕಡೆಯ ಸದರ್ನ್ ಮರಾಠಾ ರೈಲ್ವೆ 1882ರಲ್ಲಿ ಹುಟ್ಟಿದ್ದೇ 1876–78ರ ಬರದ ನೆನಪಿನಿಂದ. ಹೊಸಬರನ್ನು ಕರೆತರಲು ಅಲ್ಲ, ಇದ್ದವರಿಗೆ ಕಾಳು ಮುಟ್ಟಿಸಲು, ಇದ್ದ ಹತ್ತಿಯನ್ನು ಬಂದರಿಗೆ ಒಯ್ಯಲು. ಅಮೆರಿಕದ ರೀತಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಪಂಜಾಬಿನ ಕಾಲುವೆ ವಸಾಹತುಗಳನ್ನು ನೋಡಬಹುದು, ಆದರೆ ಅಲ್ಲಿ ನೆಲ ಹಂಚಿದ್ದು ಸರ್ಕಾರ.

ಪ್ರೈರಿವಾಸಿ:

ಚದುರಂಗದ ಹಾಸಿನ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಮಾರಾಟವಾಗದೆ ಉಳಿದ ಚೌಕಗಳು ಮಾಯವಾಗಲಿಲ್ಲ. 1900ರಲ್ಲಿ ಫ್ರೆಡರಿಕ್ ವೇಯರ್‌ಹೌಸರ್ ಎಂಬ ಮರದ ವ್ಯಾಪಾರಿ ನಾರ್ದರ್ನ್ ಪೆಸಿಫಿಕ್ ಕಂಪನಿಯಿಂದ ವಾಷಿಂಗ್ಟನ್ ರಾಜ್ಯದಲ್ಲಿ 9 ಲಕ್ಷ ಎಕರೆ ಕಾಡನ್ನು ಎಕರೆಗೆ ಆರು ಡಾಲರಿನಂತೆ ಕೊಂಡರು. ವಯೋಮಿಂಗಿನಲ್ಲಿ ಯೂನಿಯನ್ ಪೆಸಿಫಿಕ್ ಮಾರ್ಗದ ಅಕ್ಕಪಕ್ಕ ಇಂದಿಗೂ ಒಂದು ಚೌಕ ಖಾಸಗಿ, ಒಂದು ಚೌಕ ಸಾರ್ವಜನಿಕ. ಎರಡು ಸಾರ್ವಜನಿಕ ಚೌಕಗಳು ಮೂಲೆಗೆ ಮೂಲೆ ತಾಗಿರುತ್ತವೆ, ನಡುವೆ ದಾರಿಯಿಲ್ಲ. 2021ರಲ್ಲಿ ಅಲ್ಲಿ ಬೇಟೆಗೆ ಹೋದ ನಾಲ್ವರು ಖಾಸಗಿ ನೆಲಕ್ಕೆ ಕಾಲಿಡದೆ ಒಂದು ಮೂಲೆಯಿಂದ ಇನ್ನೊಂದಕ್ಕೆ ದಾಟಲು ಏಣಿಯೊಂದನ್ನು ಹೊತ್ತೊಯ್ದಿದ್ದರು. ಮೂಲೆಗಲ್ಲಿನ ಮೇಲಿನ ಗಾಳಿ ಯಾರದೆಂಬ ಆ ವ್ಯಾಜ್ಯದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು 2025ರ ಮಾರ್ಚಿನಲ್ಲಿ ಬೇಟೆಗಾರರ ಪರವಾಗಿ ತೀರ್ಪು ಕೊಟ್ಟಿತು.